ಬಸ್ ನಮ್ಮದು, ಸ್ಟ್ಯಾಂಡ್ ಯಾರದು? ಗೇಮ್ ಮಾಡ್ ಇಡಲು ಜಾಗ ಹುಡುಕುವವರ ಲೆಕ್ಕ

2025ರ ಮಳೆಗಾಲದಲ್ಲಿ ಗೇಮ್ ಆಡುವವರ ಕಿವಿಗೆ ಒಂದರ ಮೇಲೊಂದು ಸುದ್ದಿ ಬಿದ್ದವು. ಜೂನ್‌ನಲ್ಲಿ, ಗೇಮ್‌ಗೆ ಆಡುವವರೇ ಮಾಡಿ ಸೇರಿಸುವ ಹೊಸ ವಾಹನ, ಬಣ್ಣ, ರಸ್ತೆ, ಅಂದರೆ 'ಮಾಡ್'ಗಳನ್ನು ಹಂಚುವ ನೆಕ್ಸಸ್ ಮಾಡ್ಸ್ ತಾಣ ಕೈ ಬದಲಾಯಿತು. 2001ರಲ್ಲಿ ಅದನ್ನು ಶುರು ಮಾಡಿದ್ದ ಬ್ರಿಟನ್ನಿನ ರಾಬಿನ್ ಸ್ಕಾಟ್ ಅದನ್ನು ಚೋಸನ್ ಎಂಬ ಕಂಪನಿಗೆ ಒಪ್ಪಿಸಿ ಬದಿಗೆ ಸರಿದರು. ಜುಲೈನಲ್ಲಿ ಬ್ರಿಟನ್ನಿನ ಆನ್‌ಲೈನ್ ಸುರಕ್ಷತಾ ಕಾಯ್ದೆಯಡಿ ವಯಸ್ಕರ ವಿಷಯಕ್ಕೆ ವಯಸ್ಸಿನ ತಪಾಸಣೆ ಕಡ್ಡಾಯವಾಯಿತು. ಅದೇ ತಿಂಗಳು, ಕಾರ್ಡ್ ಮತ್ತು ಪಾವತಿ ಕಂಪನಿಗಳ ಒತ್ತಡಕ್ಕೆ, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಕೆಲವು ವಯಸ್ಕರ ಗೇಮ್‌ಗಳನ್ನು ತೆಗೆಯಿತು. ಇನ್ನೊಂದು ಗೇಮ್ ಅಂಗಡಿ ಇಚ್ ಡಾಟ್ ಐಒ ಅಂಥವನ್ನು ಹುಡುಕಾಟದಿಂದ ಮರೆಮಾಡಿತು. ನಮ್ಮ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಮಸೂದೆಗೆ ಆಗಸ್ಟ್ 22ಕ್ಕೆ ರಾಷ್ಟ್ರಪತಿಯ ಅಂಕಿತವೂ ಬಿತ್ತು.

ನಾಲ್ಕೂ ಬೇರೆ ಬೇರೆ ಸುದ್ದಿ. ಆದರೆ ವಾಟ್ಸಾಪ್ ಗುಂಪಿಗೆ ಬಂದಾಗ ನಾಲ್ಕೂ ಸೇರಿ ಒಂದೇ ಮುದ್ದೆಯಾಗುತ್ತವೆ: "ಮಾಡ್ ಬ್ಯಾನ್ ಆಯ್ತಂತೆ, ಹೌದಾ?"

ಇದನ್ನು ನಮ್ಮ ಸೀಮೆಗೆ ತಂದು ನೋಡೋಣ. ಮೂರು ಊರಿನವರನ್ನು ಊಹಿಸಿಕೊಳ್ಳಿ. ಬೆಳಗಾವಿಯ ಒಬ್ಬ ಹುಡುಗ ಫೋನಿನ ಬಸ್ ಗೇಮ್‌ಗಾಗಿ ವಾಯವ್ಯ ಸಾರಿಗೆಯ ಬಸ್ ಮಾಡಿದ್ದಾನೆ; ಮುಂದಿನ ಬೋರ್ಡ್‌ನಲ್ಲಿ 'ಬೆಳಗಾವಿ–ಬಾಗಲಕೋಟೆ, ವಾಯಾ ಯರಗಟ್ಟಿ, ಲೋಕಾಪುರ' ಅಂತ ಬರೆದಿದ್ದಾನೆ. ಜಮಖಂಡಿಯ ಒಬ್ಬರು ಫಾರ್ಮಿಂಗ್ ಸಿಮ್ಯುಲೇಟರ್‌ಗೆ ಕಬ್ಬು ಸಾಗಿಸುವ ಜೋಡಿ ಟ್ರೇಲರ್ ತಯಾರಿಸಿದ್ದಾರೆ. ವಿಜಯಪುರದ ಕಾಲೇಜು ಗೆಳತಿಯರಿಬ್ಬರು ಯೂರೋ ಟ್ರಕ್ ಸಿಮ್ಯುಲೇಟರ್ 2ರೊಳಗೆ ಗೋಳಗುಮ್ಮಟದಿಂದ ಕೊಲ್ಹಾರ ಸೇತುವೆವರೆಗಿನ ಹೆದ್ದಾರಿಯ ಮ್ಯಾಪ್ ಕಟ್ಟುತ್ತಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ಫೈಲ್ ಸಿದ್ಧವಾಯಿತು, ಎಲ್ಲಿ ಇಡೋಣ?

ಮೊದಲು ಸುದ್ದಿಯ ಗಂಟು ಬಿಡಿಸೋಣ

ಭಾರತದ 2025ರ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು. ಇ-ಸ್ಪೋರ್ಟ್ಸ್ ಮತ್ತು ಸುಮ್ನೆ ಮನರಂಜನೆಗೆ ಆಡುವ ಆಟಗಳನ್ನು ಅದು ಬೇರೆ ಗುಂಪಾಗಿ ನೋಡುತ್ತದೆ. ಒಂದು ಗೇಮ್‌ಗೆ ಬಸ್ಸನ್ನೋ ಟ್ರೇಲರನ್ನೋ ಮಾಡಿ ಹಂಚುವುದಕ್ಕೂ ಆ ನಿಷೇಧಕ್ಕೂ ಸಂಬಂಧ ಇಲ್ಲ.

ಬ್ರಿಟನ್ನಿನ ವಯಸ್ಸಿನ ತಪಾಸಣೆ ಅಲ್ಲಿನ ಬಳಕೆದಾರರಿಗೆ, ಅದೂ ವಯಸ್ಕರ ವಿಷಯಕ್ಕೆ. ಪಾವತಿ ಕಂಪನಿಗಳ ಗಲಾಟೆಯೂ ಅಂಥ ಗೇಮ್‌ಗಳ ಸುತ್ತಲೇ ನಡೆದದ್ದು. ಬಸ್ಸಿನ ಮಾಡ್‌ಗೆ ಇವೆರಡೂ ನೇರವಾಗಿ ತಟ್ಟುವುದಿಲ್ಲ. ಆದರೆ ಒಂದು ಮಾತನ್ನು ಇಲ್ಲಿಂದ ಎತ್ತಿಕೊಳ್ಳಬೇಕು. ತಾಣದ ಮಾಲೀಕನ ಮೇಲೂ ಒಬ್ಬ ಮಾಲೀಕ ಇರುತ್ತಾನೆ: ಅವನ ದೇಶದ ಕಾನೂನು, ಅವನ ಹಣ ಸಾಗಿಸುವ ಕಂಪನಿ. ಅವರು ಕೆಮ್ಮಿದರೆ ಇವನಿಗೆ ನೆಗಡಿ.

ನಮಗೆ ನಿಜವಾಗಿ ಮುಖ್ಯವಾದ ಸುದ್ದಿ ಮೊದಲನೆಯದು, ತಾಣ ಕೈ ಬದಲಾದದ್ದು. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸಿಬಿಡೋಣ. 'ಮಾಡ್ ಎಪಿಕೆ' ಅಂತ ಓಡಾಡುವುದು ಬೇರೆ ಸಾಮಾನು. ಅದು ಹಣ ಕೊಡದೆ ಎಲ್ಲವೂ ಸಿಗುವಂತೆ ಒಡೆದು ಕಟ್ಟಿದ ಆ್ಯಪ್. ಈ ಲೇಖನದ ಮಾಡ್ ಅಂದರೆ ಗೇಮ್‌ನವರು ತೆರೆದಿಟ್ಟ ಬಾಗಿಲಿನಿಂದ ಒಳಗೆ ಸೇರಿಸುವ ಹೊಸ ವಾಹನ, ಬಣ್ಣ, ರಸ್ತೆ, ನಿಯಮ. ಎರಡಕ್ಕೂ ಒಂದೇ ಹೆಸರು ಬಿದ್ದದ್ದು ನಮ್ಮ ದುರದೃಷ್ಟ.

ಜಾಗ ಆರಿಸುವವರು ಮೊದಲು ಗೇಮ್‌ನವರು

ಮಾಡ್ ಮಾಡಿದವರು ಎಲ್ಲಿ ಬೇಕಾದರೂ ಇಡಬಹುದು ಅಂತ ಅನಿಸುತ್ತದೆ. ನಿಜ ಹಾಗಿಲ್ಲ. ಅರ್ಧ ತೀರ್ಮಾನವನ್ನು ಗೇಮ್ ಕಂಪನಿ ಮೊದಲೇ ಮಾಡಿರುತ್ತದೆ.

ಸ್ಟೀಮ್ ವರ್ಕ್‌ಶಾಪ್ ನೋಡಿ. ಅದು ಸ್ಟೀಮ್‌ನೊಳಗೇ ಮಾಡ್ ಹಂಚುವ ಜಾಗ; ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಅದನ್ನು 2011ರಲ್ಲಿ ಶುರು ಮಾಡಿತು. ಗೇಮ್ ಮಾಡಿದವರು ಒಪ್ಪಿ ಜೋಡಿಸಿದರೆ ಮಾತ್ರ ಆ ಗೇಮ್‌ಗೆ ವರ್ಕ್‌ಶಾಪ್ ಇರುತ್ತದೆ. ಇದ್ದರೆ ಅದರಷ್ಟು ಸಲೀಸು ಬೇರೆ ಇಲ್ಲ. ಆಡುವವರು 'ಸಬ್‌ಸ್ಕ್ರೈಬ್' ಒತ್ತಿದರೆ ಫೈಲ್ ತಾನೇ ಇಳಿಯುತ್ತದೆ, ಹೊಸ ಆವೃತ್ತಿ ಬಂದರೆ ತಾನೇ ಬದಲಾಗುತ್ತದೆ. ಜಿಪ್ ಬಿಚ್ಚುವುದು, ಫೋಲ್ಡರ್ ಹುಡುಕುವುದು ಏನೂ ಇಲ್ಲ. ಆದರೆ ಅದೇ ಗೇಮನ್ನು ಬೇರೆ ಅಂಗಡಿಯಲ್ಲಿ ಕೊಂಡವರಿಗೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ತಾನೇ ಬದಲಾಗುವುದೂ ಎರಡಲಗಿನ ಕತ್ತಿ. ಮಾಡ್‌ನ ಹೊಸ ಆವೃತ್ತಿ ಕೆಟ್ಟಿದ್ದರೆ ನಿನ್ನೆವರೆಗೆ ಚೆನ್ನಾಗಿ ಓಡುತ್ತಿದ್ದ ಆಟ ಇವತ್ತು ನಿಂತುಹೋಗುತ್ತದೆ, ಹಳೆಯದಕ್ಕೆ ಮರಳುವ ದಾರಿ ಸುಲಭವಾಗಿ ಸಿಗುವುದಿಲ್ಲ.

ಆಸ್ಟ್ರೇಲಿಯಾದ ಮಾಡ್ ಡಾಟ್ ಐಒ ಇದಕ್ಕೆ ಇನ್ನೊಂದು ಉತ್ತರ. 2002ರಿಂದ ನಡೆಯುತ್ತಿರುವ ಮಾಡ್ ಡಿಬಿ ತಾಣ ಕಟ್ಟಿದವರೇ ಇದನ್ನೂ ಕಟ್ಟಿದ್ದಾರೆ. ಇದು ಗೇಮ್‌ನ ಒಳಗೇ ಕೂರುತ್ತದೆ. ಹಾಗಾಗಿ ಕಂಪ್ಯೂಟರ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎಲ್ಲದಕ್ಕೂ ಒಂದೇ ಕಡೆಯಿಂದ ಮಾಡ್ ಹೋಗುತ್ತದೆ. ಬಾಲ್ಡರ್ಸ್ ಗೇಟ್ 3 ಮಾಡಿದ ಲ್ಯಾರಿಯನ್ 2024ರ ಸೆಪ್ಟೆಂಬರ್‌ನಲ್ಲಿ ಬಂದ ಏಳನೇ ಪ್ಯಾಚ್ ಜೊತೆ ಇದನ್ನೇ ಆರಿಸಿತು. ಇಲ್ಲೂ ಜೋಡಿಸಬೇಕಾದವರು ಗೇಮ್‌ನವರೇ.

ಕಂಪನಿಯ ಒಂದು ತೀರ್ಮಾನ ಮಾಡ್ ಮಾಡುವವರನ್ನು ಹೇಗೆ ಎಳೆದಾಡುತ್ತದೆ ಎನ್ನುವುದಕ್ಕೆ ಸಿಟೀಸ್ ಸ್ಕೈಲೈನ್ಸ್ ಒಳ್ಳೆಯ ಉದಾಹರಣೆ. 2015ರ ಮೊದಲ ಗೇಮ್ ಬೆಳೆದದ್ದೇ ಸ್ಟೀಮ್ ವರ್ಕ್‌ಶಾಪ್‌ನ ಮೇಲೆ. 2023ರ ಅಕ್ಟೋಬರ್‌ನಲ್ಲಿ ಎರಡನೆಯದು ಬಂದಾಗ ಪ್ಯಾರಡಾಕ್ಸ್ ಕಂಪನಿ ವರ್ಕ್‌ಶಾಪ್ ಬಿಟ್ಟು ತನ್ನದೇ ಪ್ಯಾರಡಾಕ್ಸ್ ಮಾಡ್ಸ್ ಅಂದಿತು. ಎಲ್ಲ ಸಾಧನದವರಿಗೂ ಒಂದೇ ಕಡೆ ಮಾಡ್ ಸಿಗಬೇಕು ಅನ್ನುವುದು ಅವರ ವಾದ. ತಪ್ಪು ವಾದವೇನಲ್ಲ. ಆದರೆ ಆ ಜಾಗ ತೆರೆದದ್ದು 2024ರ ಮಾರ್ಚ್‌ನಲ್ಲಿ. ನಡುವಿನ ಐದು ತಿಂಗಳು ಮಾಡ್ ಮಾಡುವವರು ಅಧಿಕೃತ ಮನೆ ಇಲ್ಲದೆ ಬೇರೆ ತಾಣಗಳಲ್ಲಿ ಬಿಡಾರ ಹೂಡಿದರು, ಆಮೇಲೆ ಗಂಟುಮೂಟೆ ಕಟ್ಟಿ ಮತ್ತೆ ಸಾಗಿದರು.

ನಮ್ಮ ಜಮಖಂಡಿಯ ಟ್ರೇಲರ್‌ನದೂ ಇದೇ ಕಥೆ. ಫಾರ್ಮಿಂಗ್ ಸಿಮ್ಯುಲೇಟರ್ ಮಾಡುವ ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ ತನ್ನದೇ ಮಾಡ್‌ಹಬ್ ಇಟ್ಟುಕೊಂಡಿದೆ. ಅಲ್ಲಿ ಹಾಕಿದ ಪ್ರತಿ ಮಾಡನ್ನೂ ಕಂಪನಿಯವರು ಪರೀಕ್ಷಿಸಿ ಆಮೇಲೆ ಬಿಡುತ್ತಾರೆ. ಕಾಯಬೇಕು, ತಪ್ಪು ಕಂಡರೆ ತಿದ್ದಬೇಕು. ಹೆಚ್ಚುವರಿ ಸ್ಕ್ರಿಪ್ಟ್, ಅಂದರೆ ಸ್ವಂತ ಕೋಡ್, ಇರುವ ಮಾಡ್ ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗೆ ಹೋಗುವುದಿಲ್ಲ. ಆದರೆ ಪಾಸಾದ ಮಾಡ್ ಗೇಮ್‌ನ ಮೆನುವಿನಲ್ಲೇ ಕಾಣುತ್ತದೆ. ಟ್ರೇಲರ್‌ನಂಥ ಸರಳ ವಾಹನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕುವ ಅಗತ್ಯವೇ ಇಲ್ಲ.

ಮಾಲು ಹೋಗುವುದು ಕೊಳ್ಳುವವರು ಇರುವ ಕಡೆ

ಗೇಮ್‌ನವರು ಒಂದೇ ಬಾಗಿಲು ಇಡದೆ ಬಿಟ್ಟಾಗ ಆಯ್ಕೆ ನಮ್ಮ ಕೈಗೆ ಬರುತ್ತದೆ. ಆಗ ಎಲ್ಲರೂ ದೊಡ್ಡ ತಾಣದ ಕಡೆಗೇ ಹೋಗುತ್ತಾರೆ. ಯಾಕೆ?

ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದರ ಉತ್ತರ ಗೊತ್ತು. ಒಣದ್ರಾಕ್ಷಿ ಇಲ್ಲಿ ಆಗುತ್ತದೆ, ಆದರೆ ಮಾಲು ಗಡಿ ದಾಟಿ ತಾಸಗಾಂವ, ಸಾಂಗಲಿಗೆ ಹೋಗುವುದು ಎಷ್ಟೋ ವರ್ಷದ ರೂಢಿ. ಶೀತಲ ಗೋದಾಮು ಅಲ್ಲಿವೆ, ಕೊಳ್ಳುವವರು ಅಲ್ಲಿದ್ದಾರೆ. ಕೊಳ್ಳುವವರು ಇದ್ದಾರೆಂದು ಮಾಲು ಹೋಗುತ್ತದೆ, ಮಾಲು ಬರುತ್ತದೆಂದು ಕೊಳ್ಳುವವರು ಬರುತ್ತಾರೆ. ಬಾಗಿಲಲ್ಲೇ ಇನ್ನೊಂದು ಮಾರುಕಟ್ಟೆ ತೆರೆದರೂ ಈ ಸುತ್ತನ್ನು ಮುರಿಯಲು ವರ್ಷಗಳು ಬೇಕು.

ಮಾಡ್ ತಾಣಗಳೂ ಹೀಗೇ. ಸ್ಕೈರಿಮ್‌ನಂಥ ಗೇಮ್‌ಗೆ ನೆಕ್ಸಸ್, ಮೈನ್‌ಕ್ರಾಫ್ಟ್‌ಗೆ ಕರ್ಸ್‌ಫೋರ್ಜ್ ಮತ್ತು ಮಾಡ್ರಿಂತ್. ಆಡುವವರು ಹುಡುಕುವುದೇ ಅಲ್ಲಿ. ನೆಕ್ಸಸ್‌ನಲ್ಲಿ ಫೈಲ್ ಇಳಿಸಲು ಅಕೌಂಟ್ ಬೇಕು, ಉಚಿತ ಅಕೌಂಟ್‌ಗೆ ವೇಗದ ಮಿತಿ ಇದೆ, ಜಾಹೀರಾತು ಇದೆ. ಆದರೂ ಜನ ಬಿಡುವುದಿಲ್ಲ. ಹಳೆಯ ಆವೃತ್ತಿಗಳು ಅಲ್ಲೇ ಇರುತ್ತವೆ, ಒಂದು ಮಾಡ್ ಇನ್ನೊಂದನ್ನು ಬೇಡಿದರೆ ಅದರ ಲಿಂಕ್ ಪಕ್ಕದಲ್ಲೇ ಇರುತ್ತದೆ, ದೂರು ಹೇಳುವ ಜಾಗವೂ ಅಲ್ಲೇ ಇದೆ. ಹೊಸಬರ ಮಾಡ್ ಬೇರೆಲ್ಲೋ ಒಂಟಿಯಾಗಿ ಕೂತರೆ ನೂರು ಜನ ನೋಡಿಯಾರು. ಇಲ್ಲಾದರೆ ಮೊದಲ ದಿನವೇ ಯಾರಾದರೂ ಎಡವಿ ಬೀಳುತ್ತಾರೆ.

ತಾಣ ಕೈ ಬದಲಾದರೆ ಜನ ಯಾಕೆ ಗಾಬರಿಯಾಗುತ್ತಾರೆ ಎನ್ನುವುದಕ್ಕೂ ಇದೇ ಕಾರಣ. ಬಿಟ್ಟು ಹೋಗುವುದು ಸುಲಭವಾಗಿದ್ದರೆ ಯಾರು ಕೊಂಡರೆ ನಮಗೇನು?

ಇಟ್ಟದ್ದನ್ನು ಎತ್ತಿಕೊಂಡು ಬರಬಹುದಾ?

ಜಾಗ ಆರಿಸುವಾಗ ಎಲ್ಲರೂ ಕೇಳುವುದು ವೇಗ ಎಷ್ಟು, ಎಷ್ಟು ಜಿಬಿ ಉಚಿತ ಅಂತ. ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ನಾಳೆ ಬೇಡ ಅನ್ನಿಸಿದರೆ ಫೈಲನ್ನು ತೆಗೆಯಬಹುದಾ?

2021ರ ಜುಲೈನಲ್ಲಿ ನೆಕ್ಸಸ್ ಇದೇ ಪ್ರಶ್ನೆಗೆ ಹೊಸ ಉತ್ತರ ಕೊಟ್ಟಿತು. ಇನ್ನು ಮುಂದೆ ಮಾಡ್ ಫೈಲನ್ನು ಪೂರ್ತಿಯಾಗಿ ಅಳಿಸಲು ಆಗುವುದಿಲ್ಲ. ಮಾಡಿದವರು ಅದನ್ನು ಮರೆಗೆ ಸರಿಸಬಹುದು, ಆದರೆ ಫೈಲ್ ತಾಣದ ಉಗ್ರಾಣದಲ್ಲಿ ಉಳಿಯುತ್ತದೆ. ಹಳೆಯ ಫೈಲ್‌ಗಳನ್ನು ಅಳಿಸಬೇಕು ಅನ್ನುವವರಿಗೆ ಸುಮಾರು ಒಂದು ತಿಂಗಳ ಗಡುವು ಸಿಕ್ಕಿತು.

ಇದರ ಹಿಂದಿನ ಕಾರಣ 'ಕಲೆಕ್ಷನ್'. ನೂರಾರು ಮಾಡ್‌ಗಳನ್ನು ಒಂದೇ ಪಟ್ಟಿಯಾಗಿ ಕಟ್ಟಿ, ಒಂದೇ ಒತ್ತಿಗೆ ಇಳಿಸುವ ವ್ಯವಸ್ಥೆ ಅದು. ಪಟ್ಟಿಯ ನಡುವಿನ ಒಂದು ಮಾಡ್ ಮಾಯವಾದರೆ ಇಡೀ ಪಟ್ಟಿ ಕುಸಿಯುತ್ತದೆ. ಗೋಡೆಯ ನಡುವಿನ ಕಲ್ಲು ಕಿತ್ತಂತೆ. ಅದಕ್ಕೇ ತಾಣ ಕಲ್ಲು ಕೀಳುವ ಹಕ್ಕನ್ನೇ ತೆಗೆಯಿತು.

ಮಾಡ್ ಮಾಡಿದವರ ಮಾತೂ ಕೇಳಬೇಕು. ರಾತ್ರಿಯೆಲ್ಲ ಕೂತು ಮಾಡಿದ್ದು ನಾನು, ಬಿಡಿಗಾಸು ತಗೊಳ್ಳದೆ ಹಂಚಿದ್ದು ನಾನು, ತೆಗೆಯುವ ಹಕ್ಕೂ ನನಗಿಲ್ಲವೇ? ಕೆಲವು ಹೆಸರುವಾಸಿ ಮಾಡರ್‌ಗಳು ಗಡುವಿನೊಳಗೆ ಫೈಲ್ ಅಳಿಸಿ ತಾಣ ಬಿಟ್ಟರು. ಆಡುವವರಲ್ಲಿ ಅನೇಕರು ತಾಣದ ಪರ ನಿಂತರು, ಯಾಕೆಂದರೆ ಮಾಡರ್ ಒಬ್ಬರು ಸಿಟ್ಟಾಗಿ ಫೈಲ್ ಅಳಿಸಿ ಹೋದಾಗ ಪೆಟ್ಟು ತಿನ್ನುವವರು ಅವರೇ.

ಎರಡೂ ಕಡೆ ನ್ಯಾಯ ಇದೆ, ಆದರೆ ತಕ್ಕಡಿ ಸಮ ಇಲ್ಲ. ತಾಣ ನಿಯಮ ಬದಲಿಸಿದ್ದು ಸಾವಿರಾರು ಜನ ಬೇರು ಬಿಟ್ಟ ಮೇಲೆ. ಮಾಡರ್‌ಗೆ ಸಿಕ್ಕದ್ದು ಒಂದು ತಿಂಗಳು. ಇನ್ನು 2025ರ ಸುದ್ದಿಯನ್ನು ಇದಕ್ಕೆ ಜೋಡಿಸಿ ನೋಡಿ. ಅಳಿಸಲಾಗದ ಉಗ್ರಾಣ ಈಗ ಹೊಸ ಒಡೆಯರ ಕೈಗೆ ಹೋಗಿದೆ. ಒಪ್ಪಂದ ಮಾಡಿಕೊಂಡದ್ದು ಒಬ್ಬರ ಜೊತೆ, ಬೀಗದ ಕೈ ಇನ್ನೊಬ್ಬರ ಹತ್ತಿರ.

ಕೈ ಬದಲಾದ ಮಾತ್ರಕ್ಕೆ ಕೆಟ್ಟದ್ದಾಗಲೇಬೇಕು ಅಂತಿಲ್ಲ. ಕರ್ಸ್‌ಫೋರ್ಜ್ 2016ರಲ್ಲಿ ಟ್ವಿಚ್ ಕಂಪನಿಗೆ, 2020ರಲ್ಲಿ ಓವರ್‌ವುಲ್ಫ್ ಕಂಪನಿಗೆ ಹೋಯಿತು. ತಾಣ ಇನ್ನೂ ನಡೆಯುತ್ತಿದೆ. ಆದರೆ ಅದೇ 2020ರ ಸುಮಾರಿಗೆ ಮಾಡ್ರಿಂತ್ ಹುಟ್ಟಿತು, ಸೋರ್ಸ್ ಕೋಡ್ ತೆರೆದಿಟ್ಟಿತು, 2024ರಲ್ಲಿ ಹೂಡಿಕೆದಾರರ ಉಳಿದ ಹಣವನ್ನು ಅವರಿಗೇ ವಾಪಸ್ ಕೊಟ್ಟು ಸ್ವಂತ ಕಾಲ ಮೇಲೆ ನಿಲ್ಲುತ್ತೇವೆ ಅಂದಿತು. ಮೈನ್‌ಕ್ರಾಫ್ಟ್‌ನವರಿಗೆ ಹೀಗೆ ಎರಡು ಸಂತೆ ಸಿಕ್ಕವು. ಎರಡನೆಯ ಸಂತೆ ಇದ್ದಾಗ ಮೊದಲನೆಯದರ ದಲಾಲರೂ ಸ್ವಲ್ಪ ಮೆತ್ತಗೆ ಮಾತಾಡುತ್ತಾರೆ, ಅಲ್ವಾ?

ಊರು ಬದಲಿಸುವ ಕಷ್ಟ ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಮನೆಗಳು ನವನಗರಕ್ಕೆ ಹೋದವು. ಮನೆ ಕಟ್ಟುವುದಕ್ಕಿಂತ ಹಳೆ ವಿಳಾಸಕ್ಕೆ ಬರುವವರಿಗೆ ಹೊಸ ವಿಳಾಸ ಮುಟ್ಟಿಸುವುದು ಇನ್ನೂ ತ್ರಾಸಿನ ಕೆಲಸ. ಮಾಡ್‌ನಲ್ಲೂ ಹಾಗೇ. ಹತ್ತು ಸಾವಿರ ಜನ ಇಳಿಸಿಕೊಂಡ ಮಾಡನ್ನು ಬೇರೆ ತಾಣಕ್ಕೆ ಒಯ್ಯುವುದು ಒಂದು ಸಂಜೆಯ ಕೆಲಸ. ಹತ್ತು ಸಾವಿರ ಜನರನ್ನು ಒಯ್ಯುವುದು ಆಗದ ಕೆಲಸ.

ರೊಕ್ಕದ ಮಾತು

ಮಾಡ್‌ನಿಂದ ದುಡ್ಡು ಬರುತ್ತದಾ? ಕೆಲವರಿಗೆ ಬರುತ್ತದೆ, ಹೆಚ್ಚಿನವರಿಗೆ ಇಲ್ಲ. ದುಡ್ಡು ಬಂದ ಕಡೆಯೆಲ್ಲ ಜಗಳವೂ ಬಂದಿದೆ.

2015ರ ಏಪ್ರಿಲ್‌ನಲ್ಲಿ ವಾಲ್ವ್ ಮತ್ತು ಸ್ಕೈರಿಮ್ ಗೇಮ್‌ನ ಕಂಪನಿ ಬೆಥೆಸ್ಡಾ ಸೇರಿ ಸ್ಕೈರಿಮ್ ಮಾಡ್‌ಗಳನ್ನು ವರ್ಕ್‌ಶಾಪ್‌ನಲ್ಲಿ ಮಾರಲು ಬಿಟ್ಟವು. ನೂರು ರೂಪಾಯಿಗೆ ವಾಲ್ವ್‌ಗೆ 30, ಬೆಥೆಸ್ಡಾಗೆ 45, ಮಾಡಿದವರಿಗೆ 25. ಉಚಿತ ಮಾಡ್‌ನಿಂದ ಭಾಗ ತೆಗೆದು ಮಾರಾಟದ ಮಾಡ್‌ಗೆ ಸೇರಿಸಿದ ಆರೋಪಗಳು ಬಂದವು. ಆಡುವವರು ರೊಚ್ಚಿಗೆದ್ದರು. ಒಂದು ವಾರ ತುಂಬುವ ಮೊದಲೇ ಅಂಗಡಿ ಮುಚ್ಚಿ ಹಣ ವಾಪಸ್ ಕೊಟ್ಟರು. ಈಗ ಬೆಥೆಸ್ಡಾ ತನ್ನದೇ ವ್ಯವಸ್ಥೆಯಲ್ಲಿ ಆರಿಸಿದ ಮಾಡರ್‌ಗಳಿಗೆ ಮಾರಲು ಬಿಡುತ್ತದೆ. ನೆಕ್ಸಸ್ 2018ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಮಾಡ್ ಉಚಿತ, ಆದರೆ ಎಷ್ಟು ಜನ ಇಳಿಸಿಕೊಂಡರು ಎನ್ನುವುದರ ಮೇಲೆ ಮಾಡರ್‌ಗೆ ಅಂಕ, ಅಂಕವನ್ನು ಹಣವಾಗಿ ತಿರುಗಿಸಬಹುದು.

ನಮ್ಮ ಕಡೆಯವರಿಗೆ ತೊಡಕು ಇನ್ನೊಂದು ಕಡೆ ಇದೆ. ಈ ತಾಣಗಳ ಹಣ ಹೆಚ್ಚಾಗಿ ಪೇಪಾಲ್‌ನಂಥ ದಾರಿಯಲ್ಲಿ ಬರುತ್ತದೆ. ಪೇಪಾಲ್ ಭಾರತದೊಳಗಿನ ಪಾವತಿಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ವಿದೇಶದಿಂದ ಬರುವ ಹಣ ಮಾತ್ರ ತಗೊಳ್ಳಬಹುದು. ಅಂದರೆ ಜರ್ಮನಿಯವರು ಐದು ಯೂರೋ ಕಳಿಸಬಹುದು, ಗೋಕಾಕದವರು ಐವತ್ತು ರೂಪಾಯಿ ಕಳಿಸಲು ಆಗುವುದಿಲ್ಲ. ಅಕೌಂಟ್‌ಗೆ ಪ್ಯಾನ್ ಬೇಕು, 18 ತುಂಬಿರಬೇಕು. ಪಿಯುಸಿ ಹುಡುಗನ ಮಾಡ್‌ಗೆ ಬರುವ ಹಣ ಹೀಗೆ ಮನೆಯ ದೊಡ್ಡವರ ಅಕೌಂಟ್ ದಾಟಿಯೇ ಬರಬೇಕು, ಮತ್ತು ಅದರ ತೆರಿಗೆ ಲೆಕ್ಕವೂ ಅವರ ಹೆಸರಲ್ಲೇ ಕೂರುತ್ತದೆ. ಮನೆಯಲ್ಲಿ ಮೊದಲೇ ಹೇಳಿಬಿಡುವುದು ವಾಸಿ.

ಹಾಗಾಗಿ ಕನ್ನಡದ ಬಸ್ ಮಾಡ್‌ಗಳಿಗೆ ನಿಜವಾದ ಆದಾಯ ತಾಣದಿಂದ ಬರುವುದು ಕಡಿಮೆ. ಬಂದರೆ ಯೂಟ್ಯೂಬ್ ವಿಡಿಯೊದಿಂದ, ಇಲ್ಲವೇ ನೋಡುವವರು ಯುಪಿಐಗೆ ಪ್ರೀತಿಯಿಂದ ಹಾಕಿದ್ದರಿಂದ. ಅಂದರೆ ದುಡ್ಡು ಇರುವುದು ಫೈಲ್ ಇಟ್ಟ ಕಡೆ ಅಲ್ಲ, ಮುಖ ತೋರಿಸಿದ ಕಡೆ.

ಮೂಟೆಯೊಳಗಿನ ಹಾವು

2023ರ ಜೂನ್‌ನಲ್ಲಿ ಕರ್ಸ್‌ಫೋರ್ಜ್ ಮತ್ತು ಬಕ್ಕಿಟ್ ತಾಣಗಳಲ್ಲಿದ್ದ ಕೆಲವು ಮೈನ್‌ಕ್ರಾಫ್ಟ್ ಮಾಡ್‌ಗಳೊಳಗೆ ಫ್ರಾಕ್ಚರೈಸರ್ ಎಂಬ ಮಾಲ್‌ವೇರ್ ಸಿಕ್ಕಿತು. ಅದು ಕಂಪ್ಯೂಟರ್‌ನಲ್ಲಿದ್ದ ಬೇರೆ ಜಾರ್ ಫೈಲ್‌ಗಳಿಗೂ (ಮೈನ್‌ಕ್ರಾಫ್ಟ್ ಮಾಡ್ ಇರುವುದು ಇಂಥ ಫೈಲ್‌ನಲ್ಲೇ) ಹಬ್ಬುತ್ತಿತ್ತು, ಬ್ರೌಸರ್‌ನಲ್ಲಿ ಉಳಿದ ಲಾಗಿನ್‌ಗಳನ್ನು ಕದಿಯುತ್ತಿತ್ತು. ಅದೇ ವರ್ಷದ ಡಿಸೆಂಬರ್ 25ರಂದು ಸ್ಲೇ ದಿ ಸ್ಪೈರ್ ಗೇಮ್‌ನ ಡೌನ್‌ಫಾಲ್ ಎಂಬ ಹೆಸರುವಾಸಿ ಮಾಡ್‌ನ ಅಪ್‌ಡೇಟ್ ಕಳ್ಳರ ಕೈಗೆ ಸಿಕ್ಕು, ಸ್ಟೀಮ್ ಮೂಲಕವೇ ಪಾಸ್‌ವರ್ಡ್ ಕದಿಯುವ ತಂತ್ರಾಂಶ ಹೊತ್ತು ಬಂತು. ದೊಡ್ಡ ತಾಣ ಅಂದಮಾತ್ರಕ್ಕೆ ನೆಮ್ಮದಿ ಇಲ್ಲ ಅಂತಾಯಿತು.

ಆದರೆ ಇದರಿಂದ 'ಎಲ್ಲ ಕಡೆಯೂ ಒಂದೇ' ಅನ್ನುವ ತೀರ್ಮಾನಕ್ಕೆ ಬರಬಾರದು. ದೊಡ್ಡ ತಾಣದಲ್ಲಿ ಹಾವು ಕಂಡಾಗ ಗುಲ್ಲೆಬ್ಬಿಸುವವರು ಇರುತ್ತಾರೆ. ಫೈಲ್ ತೆಗೆಯುತ್ತಾರೆ, ಯಾವ ಆವೃತ್ತಿ ಕೆಟ್ಟಿದೆ ಅಂತ ಹೇಳುತ್ತಾರೆ, ಸ್ವಚ್ಛ ಮಾಡುವ ದಾರಿ ಕೊಡುತ್ತಾರೆ. ಟೆಲಿಗ್ರಾಮ್‌ನಲ್ಲಿ ಕೈಯಿಂದ ಕೈಗೆ ಹೋದ ಫೈಲ್‌ಗೆ ಇದ್ಯಾವುದೂ ಇಲ್ಲ. ಯಾರು ನಡುವೆ ಏನು ತುರುಕಿದರು ಅಂತ ಕೇಳುವವರೂ ಇಲ್ಲ.

ಮಾಡ್‌ನ ಬಗೆಯನ್ನೂ ನೋಡಬೇಕು. ಬಸ್ಸಿನ ಬಣ್ಣದ ಚಿತ್ರ, ಟ್ರೇಲರ್‌ನ ಮಾದರಿ ಇವು ಬರೀ ಸಾಮಗ್ರಿ, ಅಪಾಯ ಕಡಿಮೆ. ಕೋಡ್ ಓಡಿಸುವ ಮಾಡ್ ಬೇರೆ, ಅದಕ್ಕೆ ನಿಮ್ಮ ಕಂಪ್ಯೂಟರ್‌ನ ಬೀಗದ ಕೈ ಕೊಟ್ಟಂತೆ. ಬಸ್ ಮಾಡ್ ಹುಡುಕುವವರಿಗೆ ನಿಜವಾದ ಹೊಂಡ ಫೈಲಿಗಿಂತ ಮೊದಲೇ ಇರುತ್ತದೆ. ಒಂದೇ ಪುಟದಲ್ಲಿ ನಾಲ್ಕು 'ಡೌನ್‌ಲೋಡ್' ಗುಂಡಿ, ಮೂರು ಸುಳ್ಳು. ಲಿಂಕ್ ಒಳಗೆ ಲಿಂಕ್. 'ಈ ಆ್ಯಪ್ ಹಾಕಿದರೆ ಪಾಸ್‌ವರ್ಡ್ ಕೊಡ್ತೀವಿ' ಅನ್ನುವ ಆಮಿಷ. ಇಂಥ ಪುಟದಲ್ಲಿ ಫೈಲ್ ಇಡುವ ಮಾಡರ್ ನಾಲ್ಕು ಕಾಸಿಗೆ ತನ್ನ ಹೆಸರನ್ನೇ ಅಡವಿಡುತ್ತಾನೆ.

ಡ್ರೈವ್ ಲಿಂಕ್‌ನ ಆಯಸ್ಸು

ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ನಮ್ಮ ಹುಡುಗರ ಫೋನಿನಲ್ಲಿ ಬೇರೂರಿದ್ದು ಸುಮ್ನೆ ಅಲ್ಲ. ಅದನ್ನು ಮಾಡಿದ ಮಾಲಿಯೊ ಕಂಪನಿ ಸ್ವಂತ ಬಣ್ಣ, ಸ್ವಂತ ವಾಹನ ಸೇರಿಸುವ ದಾರಿಯನ್ನು ಗೇಮ್‌ನಲ್ಲೇ ಕೊಟ್ಟಿದೆ. ದುಬಾರಿ ಕಂಪ್ಯೂಟರ್ ಬೇಡ, ಕನ್ಸೋಲ್ ಬೇಡ. ಆದರೆ ಈ ಮಾಡ್‌ಗಳು ಹೆಚ್ಚಾಗಿ ಸಾಗುವುದು ಯೂಟ್ಯೂಬ್ ವಿಡಿಯೊ ಕೆಳಗಿನ ಲಿಂಕ್‌ನಲ್ಲಿ: ಗೂಗಲ್ ಡ್ರೈವ್, ಮೀಡಿಯಾಫೈರ್, ಟೆಲಿಗ್ರಾಮ್.

ಡ್ರೈವ್ ಉಗ್ರಾಣವೇ ಹೊರತು ಅಂಗಡಿ ಅಲ್ಲ. 15 ಜಿಬಿ ಉಚಿತ, ಅದರಲ್ಲೇ ನಿಮ್ಮ ಮೇಲ್ ಮತ್ತು ಫೋಟೊಗಳೂ ಸೇರಿವೆ. ಒಂದು ಫೈಲನ್ನು ಒಮ್ಮೆಲೇ ಜಾಸ್ತಿ ಜನ ಇಳಿಸಿದರೆ ಗೂಗಲ್ ಅದನ್ನು ಸುಮಾರು ಒಂದು ದಿನ ತಡೆಹಿಡಿಯುತ್ತದೆ. ಅಂದರೆ ವಿಡಿಯೊ ಓಡಿದ ದಿನವೇ ಲಿಂಕ್ ಕೈಕೊಡುತ್ತದೆ. ಎರಡು ವರ್ಷ ಬಳಸದ ಅಕೌಂಟನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಆ ಕೆಲಸ ಶುರುವಾಗಿದೆ. ಡಿಗ್ರಿ ಮುಗಿಸಿ ಪುಣೆಗೆ ಕೆಲಸಕ್ಕೆ ಹೋದ ಹುಡುಗ ಹಳೆಯ ಜಿಮೇಲ್ ಮರೆತರೆ ಅವನ ಬಸ್ಸೂ ಡಿಪೋ ಸೇರುತ್ತದೆ.

ಟೆಲಿಗ್ರಾಮ್‌ನಲ್ಲಿ ಜಾಗದ ಚಿಂತೆ ಇಲ್ಲ, ಒಂದು ಫೈಲ್ 2 ಜಿಬಿ ತನಕ ಹೋಗುತ್ತದೆ. ಅಲ್ಲಿ ಕಳೆದುಹೋಗುವುದು ಹೆಸರು. ಮೂರನೆಯ ಗುಂಪಿಗೆ ಹೋಗುವಷ್ಟರಲ್ಲಿ ಮಾಡಿದವರು ಯಾರು ಅಂತ ಗೊತ್ತಿರುವುದಿಲ್ಲ, ನಾಲ್ಕನೆಯದರಲ್ಲಿ ಬೇರೆ ಯಾರದೋ ಹೆಸರು ಮೆತ್ತಿರುತ್ತದೆ. ಬಸ್ಸಿನ ಬಾಗಿಲ ಕಡೆಯ ತಪ್ಪು ತಿದ್ದಿ ಹೊಸ ಆವೃತ್ತಿ ಬಿಟ್ಟರೂ ಹಳೆಯದೇ ಊರೆಲ್ಲ ಸುತ್ತುತ್ತಿರುತ್ತದೆ.

ಸ್ವಂತ ತಾಣದ ದಾರಿ ಹಿಡಿದವರೂ ಇದ್ದಾರೆ. ಯೂರೋ ಟ್ರಕ್‌ನ ಪ್ರೋಮಾಡ್ಸ್ ಎಂಬ ದೊಡ್ಡ ಮ್ಯಾಪ್ ತನ್ನದೇ ತಾಣದಿಂದ ಹೋಗುತ್ತದೆ. ತುಂಡು ತುಂಡಾಗಿ ಇಳಿಸಿದರೆ ಉಚಿತ, ಒಂದೇ ಏಟಿಗೆ ಬೇಕೆಂದರೆ ಸಣ್ಣ ಮೊತ್ತ. ಬೇರೆ ಕಡೆ ಮತ್ತೆ ಏರಿಸುವುದಕ್ಕೆ ಅವರ ಒಪ್ಪಿಗೆ ಇಲ್ಲ. ಚೆನ್ನಾಗಿದೆ, ಆದರೆ ಅದು ವರ್ಷಗಳ ಹೆಸರು ಮತ್ತು ದೊಡ್ಡ ತಂಡ ಇರುವವರ ಆಟ. ನಿನ್ನೆ ಶುರು ಮಾಡಿದವರು ಸರ್ವರ್ ಬಾಡಿಗೆ ಕಟ್ಟುತ್ತಾ ಕೂತರೆ ಮ್ಯಾಪ್ ಮುಗಿಯುವುದಿಲ್ಲ.

ಬಸ್ಸಿನ ಮೇಲಿನ ಲೋಗೊ

ಇದನ್ನು ಬೇಗ ಮುಗಿಸಬಹುದು. ಸಾರಿಗೆ ಸಂಸ್ಥೆಗಳ ಹೆಸರು, ಗುರುತು ಅವರವರ ಸ್ವತ್ತು. 'ಕೆಎಸ್ಆರ್‌ಟಿಸಿ' ಎಂಬ ಹೆಸರಿಗಾಗಿಯೇ ಕರ್ನಾಟಕ ಮತ್ತು ಕೇರಳ ವರ್ಷಗಟ್ಟಲೆ ಕಚ್ಚಾಡಿ, 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿದ ಮೇಲೆ ಕರ್ನಾಟಕ ಉಸಿರು ಬಿಟ್ಟಿತು. ಉಚಿತವಾಗಿ, ಅಭಿಮಾನದಿಂದ ಮಾಡಿದ ಬಸ್ಸಿನ ಮೇಲೆ ಯಾರೂ ಮುಗಿಬೀಳುವುದು ಕಾಣದು. ಮಾರಾಟಕ್ಕೆ ಇಟ್ಟರೆ ಮಾತು ಬದಲಾಗುತ್ತದೆ. ದೂರು ಬಂದರೆ ಮೊದಲು ಫೈಲ್ ಇಳಿಸಿ ಆಮೇಲೆ ವಿಚಾರಿಸುವುದು ದೊಡ್ಡ ತಾಣಗಳ ರೂಢಿ. ಮೂಲ ಫೈಲ್ ನಿಮ್ಮ ಹತ್ತಿರ ಇಲ್ಲದಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಬೇರೆ ಗೇಮ್‌ನಿಂದ ಕಿತ್ತು ತಂದ ಮಾದರಿಯಂತೂ ಎಲ್ಲಿ ಇಟ್ಟರೂ ಉಳಿಯುವುದು ಕಷ್ಟ.

ಮೂರು ಊರಿನವರ ಲೆಕ್ಕ

ಜಮಖಂಡಿಯ ಟ್ರೇಲರ್ ಮಾಡ್‌ಹಬ್‌ಗೆ ಹೋಗಲಿ. ಪರೀಕ್ಷೆಗೆ ಕಾಯುವುದು ಬೇಜಾರು, ಆದರೆ ಅನಧಿಕೃತ ತಾಣಗಳು ಮಾಡ್ ಕದ್ದು ಏರಿಸುವುದು ಆ ಗೇಮ್‌ನಲ್ಲಿ ದಿನನಿತ್ಯದ ಮಾತು. ಅಧಿಕೃತ ಕಡೆ ಮೊದಲು ಬಂದ ದಿನಾಂಕವೇ ನಿಮ್ಮ ಸಾಕ್ಷಿ.

ವಿಜಯಪುರದ ಗೆಳತಿಯರಿಗೆ ಎರಡು ಮನೆ ಬೇಕು. ಯೂರೋ ಟ್ರಕ್ ಆಡುವವರು ಹೆಚ್ಚಾಗಿ ಸ್ಟೀಮ್‌ನಲ್ಲೇ ಇರುವುದರಿಂದ ಮುಗಿದ ಭಾಗವನ್ನು ವರ್ಕ್‌ಶಾಪ್‌ನಲ್ಲಿ ಇಡಬಹುದು, ಬೇಡವೆಂದಾಗ ತೆಗೆಯಲೂಬಹುದು. ಪರೀಕ್ಷೆಯ ಆವೃತ್ತಿಗೆ ಅದು ಸರಿಯಾದ ಜಾಗ ಅಲ್ಲ. ತಾನೇ ಅಪ್‌ಡೇಟ್ ಆಗಿ ಸಾವಿರ ಜನರ ಆಟ ಕೆಟ್ಟರೆ ಬೈಗುಳದ ಸುರಿಮಳೆ. ಅರ್ಧ ಕಟ್ಟಿದ ರಸ್ತೆಯನ್ನು ಗೊತ್ತಿರುವ ಇಪ್ಪತ್ತು ಜನರಿಗೆ ಮಾತ್ರ ಡ್ರೈವ್‌ನಲ್ಲಿ ಕೊಡುವುದು ಸಾಕು. ಮ್ಯಾಪ್ ಬೆಳೆದು ಕೆಲವು ಜಿಬಿ ಆದಾಗ ಇನ್ನೊಂದು ಲೆಕ್ಕ ಬರುತ್ತದೆ: ದಿನಕ್ಕೆ ಒಂದೂವರೆ ಜಿಬಿ ಡೇಟಾದಲ್ಲಿ ಬದುಕುವವರು ಒಂದು ಸಣ್ಣ ತಿದ್ದುಪಡಿಗೆ ಇಡೀ ಫೈಲನ್ನು ಮತ್ತೆ ಇಳಿಸಬೇಕಾ? ರಸ್ತೆ, ಕಟ್ಟಡ, ಸದ್ದು ಇವನ್ನು ಬೇರೆ ಬೇರೆ ಫೈಲ್‌ಗಳಾಗಿ ಮೊದಲೇ ವಿಂಗಡಿಸಿದರೆ ಕೊಲ್ಹಾರ ಸೇತುವೆಯ ಒಂದು ಕಂಬ ತಿದ್ದಿದ್ದಕ್ಕೆ ಗೋಳಗುಮ್ಮಟವನ್ನೂ ಮತ್ತೆ ಇಳಿಸುವ ಪ್ರಮೇಯ ಬರುವುದಿಲ್ಲ.

ಬೆಳಗಾವಿಯ ಬಸ್ಸಿನವನದ್ದೇ ಕಷ್ಟ, ಯಾಕೆಂದರೆ ಅವನ ಆಟಕ್ಕೆ ಎಲ್ಲರೂ ಒಪ್ಪಿದ ಒಂದು ದೊಡ್ಡ ಸಂತೆ ಇಲ್ಲ. ಫೈಲನ್ನು ಎರಡು ಕಡೆ ಇಡಬೇಕು, ಒಂದು ಬಿದ್ದರೆ ಇನ್ನೊಂದು. ವಿಡಿಯೊಗಳಲ್ಲಿ ಫೈಲ್‌ನ ನೇರ ಲಿಂಕ್ ಹಾಕುವ ಬದಲು ತನ್ನದೇ ಒಂದು ಪುಟದ ವಿಳಾಸ ಕೊಟ್ಟರೆ ಸಾಕು, ಆ ಪುಟದಲ್ಲಿ ಇವತ್ತಿನ ಲಿಂಕ್ ಇರಲಿ. ನಾಳೆ ಡ್ರೈವ್ ಕೈಕೊಟ್ಟರೆ ಒಂದೇ ಪುಟ ತಿದ್ದಿದರೆ ಮುಗಿಯಿತು, ಐವತ್ತು ವಿಡಿಯೊ ತಿದ್ದುವ ಗೋಳಿಲ್ಲ. ಆವೃತ್ತಿಯ ಸಂಖ್ಯೆ ಫೈಲ್ ಹೆಸರಲ್ಲೇ ಇರಲಿ. ತನ್ನ ಹೆಸರು ಬಸ್ಸಿನ ಬಣ್ಣದೊಳಗೇ ಎಲ್ಲೋ ಒಂದು ಕಡೆ ಇರಲಿ, ಕಂಡಕ್ಟರ್ ಸೀಟಿನ ಹಿಂದೆಯೋ, ನಂಬರ್ ಪ್ಲೇಟ್ ಕೆಳಗೋ. ಟೆಲಿಗ್ರಾಮ್‌ನ ನಾಲ್ಕನೆಯ ಗುಂಪಿನಲ್ಲಿ ಯಾರಾದರೂ ಇದು ತಮ್ಮದು ಅಂದರೆ ಅವರಿಗೆ ತೋರಿಸಲು ಒಂದು ಸ್ಕ್ರೀನ್‌ಶಾಟ್ ಸಾಕಾಗುತ್ತದೆ.

ಅವನಿಗೆ 18 ತುಂಬಿಲ್ಲದಿದ್ದರೆ ಇನ್ನೊಂದು ಬದಲಾವಣೆ ಎದುರಿಗಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. 18ರೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಎನ್ನುತ್ತದೆ ಕಾಯ್ದೆ. ದೊಡ್ಡ ತಾಣಗಳು ಇದಕ್ಕೊಂದು ದಾರಿ ಮಾಡಿಕೊಂಡಾವು. ಸಣ್ಣವು ಅಷ್ಟು ತಲೆಬಿಸಿ ಬೇಡವೆಂದು ಭಾರತದ ಮಕ್ಕಳಿಗೆ ಬಾಗಿಲನ್ನೇ ಹಾಕಿಬಿಡಬಹುದು. ಎರಡು ಕಡೆ ಫೈಲ್ ಇಡುವಾಗ ಎರಡೂ ಅಂಥ ಸಣ್ಣ ತಾಣಗಳೇ ಆಗದಂತೆ ಅವನು ಈಗಲೇ ನೋಡಿಕೊಳ್ಳಬೇಕು.